ಪಾಪ್ ರಿವೆಟ್ಟೂ ತಂಗಿಯ ಟ್ರಂಕೂ

ಮದುವೆಯಾಗಿ ಅಜ್ಜಂಪುರದಿಂದ ತರೀಕೆರೆಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಅತ್ತೆ ನನ್ನ ಬಲಗೈ ಹಿಡಿದುಕೊಂಡು ಮಣಿಕಟ್ಟಿನಿಂದ ಮೊಣಕೈವರೆಗೂ ಸವರಿ ನೋಡಿದರು. ಬಳೆ ಕೊಡಿಸಲು ಅಳತೆ ನೋಡುತ್ತಿರಬೇಕು ಅಂದುಕೊಂಡು ನಾನು ನಾಚಿಕೊಂಡೆ. ಅತ್ತೆ ಮಗನ ಕಡೆ ತಿರುಗಿ, "ಸಣ್ಣ ಕೈ ಕಣೋ. ಮೂಲೆವರ್ಗೂ ಸಲೀಸಾಗಿ ಹೋಗ್ತದೆ," ಅಂದರು. ನಮ್ಮ ಯಜಮಾನರು ತಲೆಯಾಡಿಸಿದರು. ಮಾರನೆಯ ಬೆಳಿಗ್ಗೆ ನನ್ನನ್ನು ಅಂಗಡಿಗೆ ಕರೆದು, ಅರ್ಧ ಮುಗಿದ ಒಂದು ಟ್ರಂಕಿನ ಮುಂದೆ ಕೂರಿಸಿ, ಕೈಗೆ ಕಬ್ಬಿಣದ ಗಟ್ಟಿಯೊಂದನ್ನು ಕೊಟ್ಟಾಗ ಆ ಮಾತಿನ ಅರ್ಥ ಗೊತ್ತಾಯಿತು.

ನಮ್ಮದು ತಗಡಿನ ಟ್ರಂಕ್ ಮಾಡುವ ಅಂಗಡಿ. ಮುಂದೆ ರಸ್ತೆಗೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಗೋಣಿಯ ಪರದೆ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಮದುವೆಯ ಹೆಣ್ಣಿಗೆ ಟ್ರಂಕು ಬೇಕು, ಹಾಸ್ಟೆಲ್ಲಿಗೆ ಹೋಗುವವರಿಗೆ ಟ್ರಂಕು ಬೇಕು, ವರ್ಗವಾದ ಮೇಷ್ಟರಿಗೂ ಟ್ರಂಕೇ ಬೇಕು. ಮಾವ ಶುರು ಮಾಡಿದ ಕಸುಬು. ಅವರು ತೀರಿಕೊಂಡ ಮೇಲೆ ಮಗ ನಡೆಸುತ್ತಿದ್ದರು.

ಟ್ರಂಕಿನ ಹಿಡಿ, ಕೀಲು, ಬೀಗದ ಕೊಂಡಿ ಇವನ್ನೆಲ್ಲ ತಗಡಿಗೆ ಕೂರಿಸುವುದು ರಿವೆಟ್. ಆಗ ನಮ್ಮಲ್ಲಿದ್ದದ್ದು ಒಳಗೆ ಟೊಳ್ಳಿಲ್ಲದ ಗಟ್ಟಿ ರಿವೆಟ್. ಅಣಬೆಯಂಥ ತಲೆ, ಗಿಡ್ಡ ಕಾಲು. ತೂತಿನಲ್ಲಿ ಅದನ್ನು ತೂರಿಸಿ, ಪೆಟ್ಟಿಗೆಯ ಒಳಗಡೆ ಒಬ್ಬರು ರಿವೆಟ್ಟಿನ ತಲೆಗೆ ಕಬ್ಬಿಣದ ಗಟ್ಟಿಯನ್ನು ಅದುಮಿ ಹಿಡಿಯಬೇಕು. ಹೊರಗಿನಿಂದ ಇನ್ನೊಬ್ಬರು ಕಾಲಿನ ತುದಿಗೆ ಸುತ್ತಿಗೆಯಲ್ಲಿ ಹೊಡೆದು ಚಪ್ಪಟೆ ಮಾಡಬೇಕು. ಹೊರಗಿನವರು ನಮ್ಮ ಯಜಮಾನರು, ಒಳಗಿನವಳು ನಾನು. ಭುಜದವರೆಗೂ ಪೆಟ್ಟಿಗೆಯೊಳಗೆ ಬಗ್ಗಿ, ಕೆನ್ನೆಯನ್ನು ತಗಡಿಗೆ ಒತ್ತಿಕೊಂಡು ಕೂತರೆ ಪ್ರತಿ ಏಟೂ ಗಟ್ಟಿಯಿಂದ ಬೆರಳಿಗೆ, ಬೆರಳಿನಿಂದ ಭುಜಕ್ಕೆ, ಅಲ್ಲಿಂದ ಹಲ್ಲಿಗೆ ಬರುತ್ತಿತ್ತು. ಗಟ್ಟಿ ಒಂದಿಷ್ಟು ಜಾರಿದರೆ ರಿವೆಟ್ಟಿನ ಕಾಲು ವಾಲಿಕೊಂಡು ಕೆಡುತ್ತಿತ್ತು. ಆಗ ತಗಡಿನ ಆಚೆಯಿಂದ ಮಾತು ಬರುವುದು: "ಲೇ, ಎತ್ಲಾಗೆ ಹಿಡ್ದಿದೀಯ? ನಿದ್ದೆ ಮಾಡ್ತಿದೀಯಾ ಒಳಗೆ?"

ನನಗಿಂತ ಮೊದಲು ಆ ಕೆಲಸ ಅತ್ತೆಯದು. ಅವರ ಎಡಗಿವಿ ಪೂರ್ತಿ ಹೋಗಿತ್ತು. ಅವರೊಂದಿಗೆ ಮಾತಾಡುವಾಗ ಬಲಗಡೆಗೆ ಬಂದು ನಿಲ್ಲಬೇಕಾಗಿತ್ತು. ಕೆಲವು ವರ್ಷಗಳ ಮೇಲೆ ನಾನು ಬಸುರಿಯಾಗಿ ಪೆಟ್ಟಿಗೆಯೊಳಗೆ ಬಗ್ಗಲಾಗದ ತಿಂಗಳುಗಳಲ್ಲಿ ಅವರೇ ಮತ್ತೆ ಗಟ್ಟಿ ಹಿಡಿದು ಕೂತರು. ಬಾಣಂತನ ಮುಗಿಸಿ ಅಜ್ಜಂಪುರದಿಂದ ಬಂದ ದಿನ ಮಗುವನ್ನು ನನ್ನಿಂದ ಎತ್ತಿಕೊಂಡು, "ನೀನು ಬಂದ್ಯಲ್ಲ, ಸದ್ಯ," ಅಂದರು. ಮೊಮ್ಮಗು ಕಂಡ ಸಂತೋಷವೋ ಭುಜ ಉಳಿದ ಸಂತೋಷವೋ, ಅವರನ್ನು ಕೇಳಲಿಲ್ಲ.

ಆ ದಶಕದ ಕೊನೆಯ ಹೊತ್ತಿಗೆ ಒಂದು ಸಂಜೆ ಯಜಮಾನರು ಕಡೂರಿನಿಂದ ಬರುವಾಗ ಪೇಪರಿನಲ್ಲಿ ಸುತ್ತಿದ ಒಂದು ವಸ್ತು ತಂದರು. ಬಿಚ್ಚಿದರೆ ದೊಡ್ಡ ಇಕ್ಕಳದ ಹಾಗೆ ಎರಡು ಹಿಡಿ, ತುದಿಯಲ್ಲಿ ಗಿಡ್ಡ ಮೂತಿ.

"ಇದು ರಿವಿಟ್ ಗನ್ನು. ಅಲ್ಲಿ ಬಸ್ಸಿನ ಬಾಡಿ ಕಟ್ಟೋರು ಇದ್ರಲ್ಲೇ ಹೊಡೀತಾರೆ. ಒಳಗಡೆ ಯಾರೂ ಹಿಡ್ಕೊಳ್ಳೋದು ಬೇಡ," ಅಂದರು.

"ಯಾರೂ ಬೇಡವಾ?" ಅಂದೆ.

"ಯಾರೂ ಬೇಡ. ನೋಡು ಬಾ."

ತಗಡಿನ ಚೂರೊಂದಕ್ಕೆ ತೂತು ಕೊರೆದು ತೋರಿಸಿದರು. ಪಾಪ್ ರಿವೆಟ್ ಅನ್ನುವುದು ಒಂದು ಟೊಳ್ಳು ಅಲ್ಯುಮಿನಿಯಂ ಕೊಳವೆ. ಒಂದು ತುದಿಗೆ ಅಗಲವಾದ ಅಂಚು, ನಡುವೆ ಹಾದುಬಂದ ಉದ್ದನೆಯ ಮೊಳೆ. ಮೊಳೆಯ ಗುಂಡುತಲೆ ಕೊಳವೆಯ ಹಿಂದಿನ ತುದಿಯಲ್ಲಿರುತ್ತದೆ. ತೂತಿನೊಳಗೆ ಕೊಳವೆಯನ್ನು ತೂರಿಸಿ, ಗನ್ನಿನ ಮೂತಿಗೆ ಮೊಳೆಯನ್ನು ಕೊಟ್ಟು ಹಿಡಿಗಳನ್ನು ಅದುಮಿದರೆ ಗನ್ನು ಮೊಳೆಯನ್ನು ಕಚ್ಚಿ ಎಳೆಯುತ್ತದೆ. ಗುಂಡುತಲೆ ಕೊಳವೆಯ ಹಿಂಬದಿಯನ್ನು ಉಬ್ಬಿಸುತ್ತದೆ, ತಗಡುಗಳು ನಡುವೆ ಬಿಗಿಯುತ್ತವೆ, ಮೊಳೆ ಚಟ್ಟನೆ ಮುರಿದು ಈಚೆ ಬರುತ್ತದೆ. ಎಲ್ಲವೂ ಒಂದೇ ಕಡೆಯಿಂದ. ಸುತ್ತಿಗೆಯಿಲ್ಲ, ಗಟ್ಟಿಯಿಲ್ಲ, ಏಟಿನ ಸದ್ದಿಲ್ಲ. ನಾನು ಆ ಮುರಿದ ಮೊಳೆಯನ್ನು ಎತ್ತಿಕೊಂಡು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ. ಅತ್ತೆ ಬಲಗಿವಿಯನ್ನು ಮುಂದೆ ಮಾಡಿಕೊಂಡು ಬಂದು, "ಆಯ್ತಾ? ಹೊಡೆದಾಯ್ತಾ?" ಅಂತ ಕೇಳಿದರು. ಆಯ್ತು ಅಂದಾಗ ನಂಬಲಿಲ್ಲ.

ಕೆಲವು ತಿಂಗಳು ನನ್ನ ಕೈಗೆ ರಜೆ. ಅಡುಗೆ, ಮಗು, ಅಂಗಳದಲ್ಲಿ ನಾಲ್ಕು ಸೊಪ್ಪಿನ ಪಾತಿ. ಅಂಗಡಿಯಿಂದ ಚಟ್, ಚಟ್ ಅನ್ನುವ ಸದ್ದು ಮಾತ್ರ ಬರುತ್ತಿತ್ತು. ಯಜಮಾನರು ಮೊದಲಿಗಿಂತ ಬೇಗ ಟ್ರಂಕು ಮುಗಿಸುತ್ತಿದ್ದರು. ಬಂದವರಿಗೆಲ್ಲ ಗನ್ನನ್ನು ತೋರಿಸಿ, ತಾವೇ ಅದನ್ನು ಕಂಡುಹಿಡಿದವರ ಹಾಗೆ ವಿವರಿಸುತ್ತಿದ್ದರು. ಬಸ್ಸಿನ ಶೆಡ್ಡಿನವರು ಬಳಸುತ್ತಿದ್ದ ಅಳತೆಯ ರಿವೆಟ್ಟನ್ನೇ ದೊಡ್ಡ ಡಬ್ಬಿಯಲ್ಲಿ ತಂದಿಟ್ಟುಕೊಂಡಿದ್ದರು. ಹಿಡಿಗೂ ಅದೇ, ಕೀಲಿಗೂ ಅದೇ, ಕೊಂಡಿಗೂ ಅದೇ.

ಆಗ ನನ್ನ ತಂಗಿಗೆ ಕಡೂರಿನ ಕಡೆ ಗಂಡು ಗೊತ್ತಾಯಿತು. ತೆಂಗಿನಕಾಯಿ, ಕೊಬ್ಬರಿ ವ್ಯಾಪಾರದ ಮನೆ. ಟ್ರಂಕು ನಮ್ಮ ಮನೆಯಿಂದಲೇ ಅಂತ ನಾನು ಬಾಯಿಬಿಡುವ ಮೊದಲೇ ಯಜಮಾನರು ಹೇಳಿಬಿಟ್ಟರು. ಅವರ ಆ ಗುಣ ನನಗೆ ಇಷ್ಟ. ಅಂಗಡಿಯಲ್ಲಿ ಅಷ್ಟು ದೊಡ್ಡ ಟ್ರಂಕನ್ನು ಮೊದಲು ಮಾಡಿರಲಿಲ್ಲ. ಹಸಿರು ಬಣ್ಣ, ಮುಚ್ಚಳದ ಮೇಲೆ ಕೆಂಪು ಗುಲಾಬಿ, ಎರಡು ಪಕ್ಕಕ್ಕೂ ಬಾಗಿದ ಕಬ್ಬಿಣದ ಹಿಡಿ. ಹೊರಲು ಹಗುರವಾಗಿರಲಿ ಅಂತ ತೆಳುವಾದ ತಗಡು ಹಾಕಿದರು. ಬಸ್ಸಿನ ಮೇಲೆ ಬೀರೂರಿಗೆ, ಅಲ್ಲಿಂದ ರೈಲಿನಲ್ಲಿ ಅಜ್ಜಂಪುರಕ್ಕೆ ಖಾಲಿ ಟ್ರಂಕನ್ನು ಸಾಗಿಸಿದ್ದಾಯಿತು. ಖಾಲಿಯಾಗಿದ್ದಾಗ ಏನೂ ಆಗಲಿಲ್ಲ.

ಮದುವೆ ಮುಗಿಸಿ ಹೆಣ್ಣನ್ನು ಬಿಟ್ಟುಬರಲು ನಾನೂ ಜೊತೆಯಲ್ಲಿ ಹೋದೆ. ಕಡೂರು ಸ್ಟೇಷನ್ನಿನಲ್ಲಿ ಇಳಿದಾಗ ಟ್ರಂಕಿನಲ್ಲಿ ಸೀರೆಗಳು, ಹಿತ್ತಾಳೆಯ ಪಾತ್ರೆಗಳು, ಅಮ್ಮ ತುರುಕಿದ ಚಕ್ಕುಲಿಯ ಡಬ್ಬಿ, ಎಲ್ಲ ಸೇರಿ ಒಳ್ಳೇ ಭಾರ. ತಂಗಿಯ ಮೈದುನ ಒಂದು ಕಡೆಯ ಹಿಡಿ ಹಿಡಿದ, ಕೂಲಿಯವನು ಇನ್ನೊಂದು ಕಡೆ. ಬೋಗಿಯ ಮೆಟ್ಟಿಲಿನಿಂದ ಇಳಿಸುವಾಗ ಮೈದುನನ ಕಡೆಯಿಂದ ಬಟ್ಟೆ ಹರಿದಂಥ ಸದ್ದು ಬಂತು. ನೋಡಿದರೆ ಹಿಡಿ ಅವನ ಕೈಯಲ್ಲೇ ಇತ್ತು. ಟ್ರಂಕು ಪ್ಲಾಟ್‌ಫಾರ್ಮಿಗೆ ಮೂಲೆ ಕೆಳಗಾಗಿ ಬಿದ್ದು, ಬೀಗದ ಕೊಂಡಿಯೂ ಹಾರಿ, ಮುಚ್ಚಳ ತೆರೆದುಕೊಂಡಿತು. ಚೊಂಬೊಂದು ಉರುಳುತ್ತಾ ಹೋಗಿ ಯಾರದೋ ಕಾಲಿಗೆ ತಗುಲಿತು. ಚಕ್ಕುಲಿ ಎಲ್ಲೆಂದರಲ್ಲಿ. ಹೊಸ ಸೀರೆಗಳ ಮಡಿಕೆ ಬಿಚ್ಚಿಕೊಂಡಿತ್ತು. ರೈಲಿನ ಕಿಟಕಿಯಲ್ಲಿ ಕೂತವರೆಲ್ಲ ಬಗ್ಗಿ ನೋಡುತ್ತಿದ್ದರು.

ತಂಗಿಯ ಅತ್ತೆ ನನ್ನ ಕಡೆ ನೋಡಿ, "ನಿಮ್ಮ ಅಂಗ್ಡೀಲೇ ಮಾಡಿದ್ದಲ್ವೇನಮ್ಮ ಇದು?" ಅಂದರು. ಅಷ್ಟೇ. ದನಿ ಎತ್ತಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ನಾನೂ ತಂಗಿಯೂ ಮಂಡಿಯೂರಿ ಕೂತು ಎಲ್ಲವನ್ನೂ ಆರಿಸಿದೆವು. ಅವಳು ಹೊಸ ಮದುಮಗಳು, ಕೈಗೆ ಮೊಣಕೈವರೆಗೆ ಹಸಿರು ಬಳೆ. ಬೆಂಚಿನ ಕೆಳಗೆ ಹೋಗಿದ್ದ ಲೋಟಕ್ಕೆ ಕೈ ಹಾಕುತ್ತಾ ನನ್ನ ಮುಖ ನೋಡದೆ, "ಭಾವ ಬೇರೆಯೋರಿಗೂ ಹಿಂಗೇ ಮಾಡಿಕೊಡ್ತಾರಾ ಅಕ್ಕ, ಇಲ್ಲ ನಂಗೆ ಮಾತ್ರನಾ?" ಅಂದಳು. ಟ್ರಂಕಿಗೆ ಹಗ್ಗ ಕಟ್ಟಿ, ಹೆಗಲ ಮೇಲೆ ಹೊರಿಸಿಕೊಂಡು ಮನೆ ತಲುಪಿದೆವು. ಕಿತ್ತುಬಂದ ಹಿಡಿಯನ್ನು ನಾನು ಚೀಲದಲ್ಲಿ ಹಾಕಿಕೊಂಡು ತರೀಕೆರೆಗೆ ಬಂದೆ.

ಯಜಮಾನರ ಮುಂದೆ ಅದನ್ನು ಇಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಹಿಡಿಯನ್ನು ತಿರುಗಿಸಿ ನೋಡಿದರು.

"ಆ ಹುಡ್ಗ ಎಳ್ದಿರ್ತಾನೆ. ಟ್ರಂಕ್ ಎತ್ತೋಕೆ ಒಂದು ಕ್ರಮ ಇರ್ತದೆ."

"ಹಿಡಿ ಇರೋದು ಹಿಡ್ಕಳಕ್ಕೆ ತಾನೆ? ಹಿಡ್ಕೊಂಡ, ಬಂತು."

"ಭಾರ ಜಾಸ್ತಿ ತುಂಬಿದ್ರೆ ಯಾರ ಟ್ರಂಕಿನ ಹಿಡಿಯಾದ್ರೂ ಬರ್ತದೆ ಕಣೇ. ನಿಮ್ಮಮ್ಮಂಗೆ ಹೇಳು, ಹಿತ್ತಾಳೆ ಅಂಗಡೀನೇ ತುಂಬಿ ಕಳಿಸಿದ್ರೆ ಹೆಂಗೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಗಟ್ಟಿ ರಿವೆಟ್ಟಿನ ಕಾಲದಲ್ಲಿ ಅಮ್ಮ ನನಗೂ ಅಷ್ಟೇ ಹಿತ್ತಾಳೆ ತುಂಬಿ ಕಳಿಸಿದ್ದಳು. ಮಾವ ಮಾಡಿಟ್ಟು ಹೋಗಿದ್ದ ಆ ಟ್ರಂಕು ಅಟ್ಟದ ಮೇಲೆ ಇವತ್ತಿಗೂ ಇದೆ. ಅದನ್ನೂ ಹೇಳಿದೆ. ಅವರು ಎದ್ದು ಹೊರಗೆ ಹೋದರು. ಮಾತು ಸಾಕಾದಾಗ ಅವರು ಎದ್ದು ಹೋಗುವುದು ಹಾಗೆಯೇ.

ಅವರಿಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲಿ ಕೂತು ಕಿತ್ತುಬಂದ ಹಿಡಿಯನ್ನು ನೋಡಿದೆ. ರಿವೆಟ್ಟುಗಳು ಹಿಡಿಯನ್ನು ತಗಡಿಗೆ ಕೂರಿಸುವ ಪಟ್ಟಿಯಲ್ಲೇ ನೇತಾಡುತ್ತಿದ್ದವು. ಅಂದರೆ ರಿವೆಟ್ ಮುರಿದಿರಲಿಲ್ಲ, ತಗಡಿನ ತೂತಿನಿಂದ ನುಣುಚಿ ಬಂದಿತ್ತು. ಕೊಳವೆಯ ಹಿಂಬದಿ ಸರಿಯಾಗಿ ಉಬ್ಬಿಯೇ ಇರಲಿಲ್ಲ. ಪಟ್ಟಿಯಿಂದ ಅರ್ಧ ಬೆರಳಗಲ ದೂರದಲ್ಲಿ ಸೊಟ್ಟಗೆ ಮುದುಡಿಕೊಂಡಿತ್ತು. ಮಾರಾಟಕ್ಕಿಟ್ಟಿದ್ದ ಇನ್ನೊಂದು ಟ್ರಂಕಿನೊಳಗೆ ಕೈ ಹಾಕಿ ಸವರಿದೆ. ಅಲ್ಲೂ ರಿವೆಟ್ಟಿನ ಹಿಂಬದಿ ಉದ್ದಕ್ಕೆ ಚಾಚಿಕೊಂಡಿತ್ತು. ಬೆರಳಲ್ಲಿ ಅಲ್ಲಾಡಿಸಿದರೆ ಅಲ್ಲಾಡಿತು. ಅಷ್ಟು ವರ್ಷ ಆ ಕತ್ತಲೆಯಲ್ಲಿ ಕೈಯಾಡಿಸಿದವಳಿಗೆ ಬಿಗಿಯಾದ ರಿವೆಟ್ ಬೆರಳಿಗೆ ಹೇಗಿರುತ್ತದೆ ಅನ್ನುವುದು ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಆ ಗನ್ನು ಬಂದ ಮೇಲೆ ನಮ್ಮ ಅಂಗಡಿಯಲ್ಲಿ ಯಾರೂ ಪೆಟ್ಟಿಗೆಯ ಒಳಗೆ ಮುಟ್ಟಿ ನೋಡಿಯೇ ಇರಲಿಲ್ಲ.

ಬಸ್ಸಿನ ಪಕ್ಕಕ್ಕೆ ತಗಡು, ಅದರ ಹಿಂದೆ ದಪ್ಪ ಕಬ್ಬಿಣದ ಚೌಕಟ್ಟು ಇರುತ್ತದೆ. ಅಲ್ಲಿಗೆ ಆ ಉದ್ದದ ರಿವೆಟ್ ಸರಿ. ನಮ್ಮ ಟ್ರಂಕಿನ ತಗಡು, ಹಿಡಿಯ ಪಟ್ಟಿ ಎರಡೂ ಸೇರಿ ಅದರ ಅರ್ಧ ದಪ್ಪವೂ ಇಲ್ಲ. ಉದ್ದ ಹೆಚ್ಚಾದ ರಿವೆಟ್ ಹಿಂದುಗಡೆ ಎಲ್ಲೋ ಮುದುಡಿಕೊಂಡು, ತಗಡನ್ನು ಬಿಗಿಯುವ ಮೊದಲೇ ಮೊಳೆ ಮುರಿದುಹೋಗುತ್ತಿತ್ತು. ಚಟ್ ಅನ್ನುವ ಸದ್ದು ಬಂತು, ಕೆಲಸ ಆಯಿತು ಅಂತ ಇವರು ಮುಂದಿನದಕ್ಕೆ ಹೋಗುತ್ತಿದ್ದರು. ಸಾಲದ್ದಕ್ಕೆ ತೂತು ಹೊಡೆಯುತ್ತಿದ್ದದ್ದು ಗಟ್ಟಿ ರಿವೆಟ್ಟಿನ ಕಾಲದ ಹಳೆಯ ದುಂಡು ಉಳಿಯಲ್ಲಿ. ಅದರ ತೂತು ಈ ಕೊಳವೆಗೆ ದೊಡ್ಡದು. ಗಟ್ಟಿ ರಿವೆಟ್ಟಾದರೆ ಏಟು ಬಿದ್ದಾಗ ಹಿಗ್ಗಿ ತೂತನ್ನು ತುಂಬಿಕೊಳ್ಳುತ್ತದೆ. ಇದು ಅಷ್ಟು ತುಂಬುವುದಿಲ್ಲ.

ಇದನ್ನೆಲ್ಲ ಹೇಳಿದೆ. ಒಮ್ಮೆಯಲ್ಲ, ಊಟಕ್ಕೆ ಬಡಿಸುವಾಗ, ಮಗುವನ್ನು ತೂಗುವಾಗ, ಅಂಗಡಿ ಗುಡಿಸುವಾಗ. "ಗಿಡ್ಡ ರಿವಿಟ್ ತನ್ನಿ, ತೂತು ಸಣ್ಣ ಮಾಡಿ" ಅಂದರೆ, "ಡಬ್ಬಿ ತುಂಬ ಇದೆಯಲ್ಲ, ಮೊದ್ಲು ಅದು ಖಾಲಿಯಾಗ್ಲಿ" ಅನ್ನುವುದು ಅವರ ಉತ್ತರ. ಅತ್ತೆಯ ಬಲಗಿವಿಗೆ ಹೇಳಿದೆ. ಅವರು, "ಗಂಡಸ್ರು ತಂದಿದ್ದು ಖಾಲಿಯಾಗೋವರ್ಗೂ ಬೇರೆ ತರಲ್ಲ ಕಣಮ್ಮ, ಅಕ್ಕಿಯಾಗ್ಲಿ ಮೊಳೆಯಾಗ್ಲಿ," ಅಂದರು.

ಕೊನೆಗೆ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ನಾನೇ ಕಡೂರಿನ ಬಸ್ಸು ಹತ್ತಿದೆ. ಮೊದಲು ತಂಗಿಯ ಮನೆ. ಟ್ರಂಕು ಹಿತ್ತಿಲ ಬಾಗಿಲ ಹತ್ತಿರ ಹಗ್ಗ ಸುತ್ತಿಕೊಂಡು ಖಾಲಿ ನಿಂತಿತ್ತು. ಪಕ್ಕದ ಕೋಣೆಯಲ್ಲಿ ಹೊಸ ಕಬ್ಬಿಣದ ಬೀರು ಬಂದಿತ್ತು. ಸೀರೆಗಳೆಲ್ಲ ಅದರೊಳಗೆ. ಟ್ರಂಕು ಸರಿಮಾಡಿಸಿ ತರುತ್ತೇನೆ ಅಂದೆ.

ತಂಗಿ ಕಾಫಿ ಕೊಡುತ್ತಾ ತಗ್ಗಿದ ದನಿಯಲ್ಲಿ, "ತಗೊಂಡು ಹೋಗಕ್ಕ. ವಾಪಸ್ ತರದಿದ್ರೂ ಪರವಾಗಿಲ್ಲ. ಅದು ಕಣ್ಣಿಗೆ ಬಿದ್ದಾಗ್ಲೆಲ್ಲ ಅತ್ತೆ ಬಂದೋರಿಗೆ ಸ್ಟೇಷನ್ ಕತೆ ಹೇಳ್ತಾರೆ," ಅಂದಳು.

"ತಂದೇ ತರ್ತೀನಿ ಕಣೇ," ಅಂದೆ ಸಿಟ್ಟಿನಿಂದ. ಸಿಟ್ಟು ಅವಳ ಮೇಲಲ್ಲ, ಆದರೆ ಅವಳ ಮೇಲೆ ಹೋಯಿತು. ಅವಳ ಕಣ್ಣು ತುಂಬಿತು. ನಾನು ಕಾಫಿ ಪೂರ್ತಿ ಕುಡಿಯದೆ ಎದ್ದೆ.

ಅಲ್ಲಿಂದ ಯಜಮಾನರು ರಿವೆಟ್ ತಂದಿದ್ದ ಹಾರ್ಡ್‌ವೇರ್ ಅಂಗಡಿಗೆ. ತರೀಕೆರೆಯ ಟ್ರಂಕಿನ ಅಂಗಡಿಯವಳು ಅಂತ ಹೇಳಿ, ಗಿಡ್ಡ ಪಾಪ್ ರಿವೆಟ್ ಬೇಕು ಅಂದೆ. ಅಂಗಡಿಯವರು ನನ್ನ ಹಿಂದೆ ಯಾರಾದರೂ ಗಂಡಸರಿದ್ದಾರೆಯೇ ಅಂತ ನೋಡಿದರು.

"ಪಾಪ್ ರಿವಿಟ್ ಅಂದ್ರೆ ಪಾಪ್ ರಿವಿಟ್ಟೇ ಕಣಮ್ಮ. ನಿಮ್ಮ ಯಜಮಾನ್ರು ತಗೊಂಡು ಹೋಗಿದಾರಲ್ಲ."

"ಅದು ಉದ್ದ ಆಯ್ತು. ಇದಕ್ಕೆ ಆಗೋದು ಕೊಡಿ," ಅಂತ ಚೀಲದಿಂದ ಹಿಡಿಯನ್ನೂ ತಗಡಿನ ಚೂರನ್ನೂ ತೆಗೆದು ಮೇಜಿನ ಮೇಲಿಟ್ಟೆ.

"ಉದ್ದ ಇದ್ರೆ ಒಳ್ಳೇದಲ್ವೇನಮ್ಮ? ಗಟ್ಟಿ ಇರ್ತದೆ. ಎಲ್ರೂ ಅದೇ ಒಯ್ಯೋದು. ಒಂದು ಕೆಲ್ಸ ಮಾಡಿ, ಯಜಮಾನ್ರನ್ನೇ ಕಳಿಸಿ."

"ಯಜಮಾನ್ರು ಬಂದ್ರೆ ಮತ್ತೆ ಉದ್ದಂದೇ ತರ್ತಾರೆ. ನಂಗೆ ಗಿಡ್ಡಂದು ಬೇಕು. ಅಲ್ಯುಮಿನಿಯಂ ಬೇಡ, ಕಬ್ಬಿಣದ್ದು ಇದ್ರೆ ಕೊಡಿ. ವಾಷರ್ರೂ ಬೇಕು."

ಬೇರೆ ಗಿರಾಕಿಗಳಿಗೆ ಮೊಳೆ, ಚಿಲಕ, ಬಾವಿಯ ರಾಟೆ ಎಲ್ಲ ಕೊಟ್ಟು ಕಳಿಸಿದ ಮೇಲೆ, ನಾನು ಇನ್ನೂ ಅಲ್ಲೇ ನಿಂತಿರುವುದನ್ನು ನೋಡಿ ಬೇಸರದಿಂದ ಒಳಗೆ ಹೋದರು. ಧೂಳು ಹಿಡಿದ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲೆ ಬಿಸುಟರು. ನನಗೆ ಬೇಕಾದದ್ದೇ ಅದರಲ್ಲಿತ್ತು. ಯಾರೂ ಕೇಳುವುದಿಲ್ಲ ಅಂತ ಒಳಗಿಟ್ಟಿದ್ದರಂತೆ.

ತಂಗಿಯ ಮನೆಯಿಂದ ಟ್ರಂಕನ್ನು ತರಿಸಿ ಬಸ್ಸಿನ ಮೇಲೆ ಹಾಕಿಸಿಕೊಂಡು ಊರಿಗೆ ಬಂದೆ. ಯಜಮಾನರು ಟ್ರಂಕನ್ನು ಕಂಡರು, ರಟ್ಟಿನ ಪೆಟ್ಟಿಗೆಯನ್ನೂ ಕಂಡರು. ಊಟ ಮಾಡಿ ಗನ್ನನ್ನು ನನ್ನ ಮುಂದೆ ಇಟ್ಟು, "ಹೊಡಿ ಮತ್ತೆ," ಅಂದರು. ಹಟಕ್ಕೆ ನಾನೂ ಹಿಡಿದೆ.

ನೋಡಿದಷ್ಟು ಸುಲಭವಲ್ಲ ಅದು. ಅಲ್ಯುಮಿನಿಯಂ ರಿವೆಟ್ ಮೆತ್ತಗೆ, ಒಮ್ಮೆ ಅದುಮಿದರೆ ಮೊಳೆ ಮುರಿಯುತ್ತದೆ. ಕಬ್ಬಿಣದ್ದಕ್ಕೆ ಎರಡೂ ಕೈ ಹಾಕಿ, ಗನ್ನಿನ ಒಂದು ಹಿಡಿಯನ್ನು ತೊಡೆಗೆ ಒತ್ತಿಕೊಂಡು ಅದುಮಬೇಕು. ಗನ್ನು ಸ್ವಲ್ಪ ವಾಲಿದರೆ ರಿವೆಟ್ಟಿನ ಅಂಚು ತಗಡಿಗೆ ಕೂರದೆ ಒಂದು ಕಡೆ ಎದ್ದು ನಿಲ್ಲುತ್ತದೆ. ಕೊರೆದ ತೂತಿನ ಸುತ್ತ ಎದ್ದ ಚೂಪು ಅಂಚನ್ನು ಅರ ಹಾಕಿ ಉಜ್ಜದಿದ್ದರೆ ಎರಡು ತಗಡಿನ ನಡುವೆ ಸಂದು ಉಳಿಯುತ್ತದೆ. ತಗಡಿನ ತುದಿಗೆ ತೀರ ಹತ್ತಿರ ಕೊರೆದರೆ ತುದಿಯೇ ಹರಿಯುತ್ತದೆ. ಕೆಟ್ಟದ್ದನ್ನು ತೆಗೆಯಬೇಕಾದರೆ ತಲೆಯನ್ನು ಡ್ರಿಲ್ಲಿನಿಂದ ಕೊರೆದೇ ತೆಗೆಯಬೇಕು. ಎಷ್ಟು ಕೊರೆದು ಎಸೆದೆನೋ ಲೆಕ್ಕವಿಲ್ಲ. ಅಂಗೈಯಲ್ಲಿ ಬೊಕ್ಕೆ ಎದ್ದವು. ಯಜಮಾನರು ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತು ನೋಡುತ್ತಿದ್ದರು.

ಗಿಡ್ಡ ರಿವೆಟ್, ಸರಿಯಾದ ತೂತು, ಎಲ್ಲ ಆಯಿತು. ಹಿಡಿಗೆ ಕಲ್ಲು ಕಟ್ಟಿ ನೇತುಹಾಕಿದೆವು. ತಗಡು ತೆಳುವಾದ್ದರಿಂದ ರಿವೆಟ್ಟಿನ ಸುತ್ತ ನಿಧಾನವಾಗಿ ಸೊಟ್ಟಗಾಯಿತು. ಹಿಂದುಗಡೆ ಉಬ್ಬಿದ ಭಾಗ ಸಣ್ಣದು, ಅದರ ಮೇಲೆಯೇ ಎಲ್ಲ ಭಾರ. ಅಲ್ಲಿ ನಾನು ತಂದಿದ್ದ ವಾಷರಿನ ಬಿಲ್ಲೆ ಬೇಕು, ಭಾರ ಅಗಲವಾಗಿ ಹಂಚಿಹೋಗಬೇಕು. ವಾಷರ್ ಕೂರಬೇಕಾದದ್ದು ಪೆಟ್ಟಿಗೆಯ ಒಳಗಡೆ.

ಯಜಮಾನರು ಅದನ್ನು ನನಗಿಂತ ಮೊದಲು ಕಂಡುಕೊಂಡು ಜೋರಾಗಿ ನಕ್ಕರು.

"ಅಂದ್ರೆ ಒಳಗಿಂದ ಒಬ್ರು ವಾಷರ್ ಹಿಡ್ಕೊಂಡು ಕೂತಿರ್ಬೇಕು! ಹಂಗಾದ್ರೆ ಈ ಗನ್ ಯಾಕೆ ತಂದಿದ್ದು ಕಣೇ?"

ನನಗೆ ಅಳುವೇ ಬಂತು. ಅವರು ಹೇಳಿದ್ದು ನಿಜ. ಯಾರೂ ಒಳಗೆ ಕೈ ಹಾಕುವುದು ಬೇಡ ಅಂತ ಬಂದ ಗನ್ನು ಅದು. ಕೆಲಸ ನೆಟ್ಟಗಾಗಬೇಕಾದರೆ ನನ್ನ ಕೈ ಮತ್ತೆ ಒಳಗೆ ಹೋಗಬೇಕು, ಮತ್ತು ಅದನ್ನು ಹೇಳಿದವಳು ನಾನೇ. ಗನ್ನನ್ನು ಅವರ ಕೈಗೆ ಕೊಟ್ಟು, ವಾಷರ್ ತೆಗೆದುಕೊಂಡು ಟ್ರಂಕಿನೊಳಗೆ ಬಗ್ಗಿದೆ. ಬೆರಳ ತುದಿಯಲ್ಲಿ ವಾಷರನ್ನು ರಿವೆಟ್ಟಿನ ಬಾಲಕ್ಕೆ ತೂರಿಸಿ, "ಹೂಂ," ಅಂದೆ. ಅವರು ಎಳೆದರು. ಚಟ್ ಅಂತು. ಬೆರಳಾಡಿಸಿದೆ, ಅಲ್ಲಾಡಲಿಲ್ಲ. ಮುಂದಿನದಕ್ಕೆ, "ಹೂಂ," ಅಂದೆ.

ಸುತ್ತಿಗೆಯ ಏಟು ಇರಲಿಲ್ಲ, ಅಷ್ಟು ವಾಸಿ.

ಟ್ರಂಕನ್ನು ತೆಗೆದುಕೊಂಡು ಇಬ್ಬರೂ ಕಡೂರಿಗೆ ಹೋದೆವು. ತಂಗಿಯ ಅತ್ತೆ ಅದನ್ನು ನಡುಮನೆಗೆ ತರಿಸಿ, ಅದರ ತುಂಬ ಸಿಪ್ಪೆ ಸುಲಿದ ತೆಂಗಿನಕಾಯಿ ತುಂಬಿಸಿದರು. ಮಗನನ್ನೂ ಕೆಲಸದವನನ್ನೂ ಕರೆದು ಎತ್ತಿ ಅಂದರು. ಎತ್ತಿದರು. ಅಂಗಳದವರೆಗೆ ಹೋಗಿ ಬನ್ನಿ ಅಂದರು. ಹೋಗಿ ಬಂದರು. ಇನ್ನೊಮ್ಮೆ ಅಂದರು. ನಮ್ಮ ಯಜಮಾನರು ಗೋಡೆಗೆ ಒರಗಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಹಿಡಿ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ.

"ಇರ್ಲಿ, ಗೋಡೌನಲ್ಲಿ ಹಾಕಿ. ಗೋಣಿಚೀಲ ಇಡೋಕಾಗ್ತದೆ," ಅಂದರು ಆಕೆ.

ಮದುವೆಯ ಟ್ರಂಕು, ಮುಚ್ಚಳದ ಮೇಲೆ ಗುಲಾಬಿ. ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ನನ್ನ ಕೈ ಅದುಮಿದಳು. ಬಸ್ಸಿನಲ್ಲಿ ವಾಪಸ್ ಬರುವಾಗ ಬೀರೂರು ದಾಟಿದ ಮೇಲೆ ಯಜಮಾನರು, "ಗೋಣಿಚೀಲ ಇಡೋಕೆ ಅಷ್ಟು ಗಟ್ಟಿ ಬೇಕಾಗಿರ್ಲಿಲ್ಲ," ಅಂದರು. ಅವರ ತೊಡೆಗೆ ಒಂದು ಏಟು ಹಾಕಿದೆ.

ಟ್ರಂಕಿನ ವಿದ್ಯೆ ಕೈಗೆ ಬಂತು ಅನ್ನುವಷ್ಟರಲ್ಲಿ ಟ್ರಂಕು ಕೇಳುವವರೇ ಕಡಿಮೆಯಾದರು. ಎಂಬತ್ತರ ದಶಕದ ನಡುವಿಗೆ ಮದುವೆಗಳಿಗೂ ಸೂಟ್‌ಕೇಸ್ ಬಂತು. ನಮ್ಮ ಅಂಗಡಿ ರಿಪೇರಿ ಅಂಗಡಿಯಾಯಿತು. ಯಾರು ಏನು ತರುತ್ತಾರೋ ಹೇಳಲಾಗುತ್ತಿರಲಿಲ್ಲ, ಒಂದೊಂದು ವಸ್ತುವೂ ಒಂದೊಂದು ತಲೆನೋವು. ಕಂಡಕ್ಟರ್ ಒಬ್ಬರು ಚರ್ಮದ ಚೀಲ ತಂದರು, ಪಟ್ಟಿ ಕಿತ್ತಿತ್ತು. ಕಬ್ಬಿಣದ ರಿವೆಟ್ ಹಾಕಿ ಬಿಗಿದರೆ ಅದರ ಅಂಚು ಚರ್ಮವನ್ನೇ ಕತ್ತರಿಸಿತು. ಅದಕ್ಕೆ ಅಗಲ ಅಂಚಿನ ಮೆತ್ತನೆಯ ಅಲ್ಯುಮಿನಿಯಂ ರಿವೆಟ್ ಬೇಕು, ಹಿಂದೆ ವಾಷರ್ ಬೇಕು. ಪಕ್ಕದ ಹಳ್ಳಿಯಿಂದ ಒಬ್ಬಾಕೆ ನೀರು ತುಂಬುವ ಕಬ್ಬಿಣದ ಡ್ರಮ್ಮಿಗೆ ಹಿಡಿ ಹಾಕಿಸಿಕೊಂಡು ಹೋಗಿ, ಮಾರನೆಯ ವಾರ ಡ್ರಮ್ಮನ್ನು ತಲೆಯ ಮೇಲೆ ಹೊತ್ತು ತಂದು ಅಂಗಡಿಯ ಮುಂದೆ ಕುಕ್ಕಿದಳು.

"ಏನ್ ಹಿಡಿ ಹಾಕಿದ್ರಪ್ಪಾ? ನೀರೆಲ್ಲ ಹಿಡೀಲೇ ಸೋರ್ತದೆ!"

ಪಾಪ್ ರಿವೆಟ್ ಟೊಳ್ಳು. ಮೊಳೆ ಮುರಿದ ಮೇಲೆ ಅದರ ನಡುವೆ ನೀರು ಜಿನುಗುತ್ತದೆ. ಅದನ್ನು ತೆಗೆದು ಗಟ್ಟಿ ರಿವೆಟ್ಟನ್ನೇ ಹೊಡೆಯಬೇಕಾಯಿತು. ಡ್ರಮ್ಮು ಆಳವಾಗಿತ್ತು. ಒಳಗೆ ಕೈ ಹಾಕಿ ಗಟ್ಟಿ ಹಿಡಿದದ್ದು ಮತ್ತೆ ನಾನೇ. ಯಾರದೋ ಬಚ್ಚಲಿನ ತಗಡಿನ ಬಾಗಿಲಿಗೆ ಅಲ್ಯುಮಿನಿಯಂ ರಿವೆಟ್ ಹಾಕಿಕೊಟ್ಟಿದ್ದೆವು. ಯಾವಾಗಲೂ ಒದ್ದೆಯಿರುವ ಜಾಗ. ಕಬ್ಬಿಣದ ಜೊತೆ ಸೇರಿ ರಿವೆಟ್ಟಿನ ಸುತ್ತ ಸುಣ್ಣದಂಥ ಬಿಳಿಪುಡಿ ಕಟ್ಟಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲು ಕೀಲಿನಿಂದ ಕಳಚಿಬಿತ್ತು. ಪ್ಲಾಸ್ಟಿಕ್ ಸೂಟ್‌ಕೇಸ್ ಎಲ್ಲಕ್ಕಿಂತ ಕಷ್ಟ. ಬಿಗಿ ಸಾಲದಿದ್ದರೆ ಹಿಡಿ ಆಡುತ್ತದೆ, ಒಂದು ಚೂರು ಹೆಚ್ಚಾದರೆ ರಿವೆಟ್ಟಿನಿಂದ ಮೂಲೆಯವರೆಗೆ ಬಿರುಕು. ಬಿರುಕು ಬಿಟ್ಟರೆ ಸೂಟ್‌ಕೇಸಿನವರಿಗೆ ಏನು ಹೇಳುವುದು? ಮೆತ್ತನೆಯ ರಿವೆಟ್ಟೇ ಹಾಕಿ, ತೂತನ್ನು ಒಂದಿಷ್ಟು ಸಡಿಲ ಬಿಟ್ಟು, ಎರಡೂ ಕಡೆ ಅಗಲ ವಾಷರ್ ಕೊಟ್ಟು, ಉಸಿರು ಬಿಗಿಹಿಡಿದು ಎಳೆಯುವುದು.

ಈ ಹೊತ್ತಿಗೆ ಗನ್ನು ಹೆಚ್ಚಾಗಿ ನನ್ನ ಕೈಯಲ್ಲೇ ಇರುತ್ತಿತ್ತು. ಯಜಮಾನರು ಗಿರಾಕಿಗಳ ಜೊತೆ ಮಾತಿಗೆ. ಒಂದು ದಿನ ತಂಗಿ ತರೀಕೆರೆಗೆ ಬಂದಿದ್ದಳು. ಪರದೆಯ ಈಚೆ ನಾವಿಬ್ಬರೂ ಅವರೇಕಾಯಿ ಸುಲಿಯುತ್ತಾ ಕೂತಿದ್ದೆವು. ಆಚೆ ಯಾರೋ ಟ್ರಂಕಿನ ಹಿಡಿ ಕಿತ್ತಿದೆ ಅಂತ ತಂದಿದ್ದರು. ಯಜಮಾನರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

"ನೋಡಿ ಸ್ವಾಮಿ, ರಿವಿಟ್ ಅಂದ್ರೆ ಎಲ್ಲ ಒಂದೇ ಅಂದ್ಕೊಂಡಿರ್ತಾರೆ ಜನ. ತಗಡಿನ ದಪ್ಪ ನೋಡ್ಬೇಕು, ಅದಕ್ಕೆ ತಕ್ಕ ಉದ್ದ ನೋಡ್ಬೇಕು, ಹಿಂದೆ ವಾಷರ್ ಕೊಡ್ಬೇಕು. ನಾನು ಗನ್ ತಂದ ದಿನದಿಂದ್ಲೂ ಮನೇಲಿ ಇದೇ ಹೇಳ್ಕೊಂಡು ಬಂದೆ. ಕೇಳೋರು ಯಾರು?"

ನನ್ನ ಕೈಯಲ್ಲಿದ್ದ ಅವರೇಕಾಯಿ ಹಿಚುಕಿಹೋಯಿತು. ಎದ್ದು ಪರದೆ ಸರಿಸಲು ಹೊರಟವಳನ್ನು ತಂಗಿ ಸೆರಗು ಹಿಡಿದು ಕೂರಿಸಿದಳು. ಅವಳ ಮುಖ ನೋಡಿದರೆ, ನಗು ತಡೆಯಲು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಭುಜ ಕುಲುಕುತ್ತಿತ್ತು. ಅವಳ ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ ಆ ಟ್ರಂಕಿನ ಮಾತು ಬಂದಾಗಲೆಲ್ಲ ಅವಳ ಮುಖ ಗಂಟಾಗುತ್ತಿತ್ತು. ನಗುವುದನ್ನು ಅದೇ ಮೊದಲು ನೋಡಿದ್ದು.

"ಬಿಡಕ್ಕ," ಅಂದಳು ಕಣ್ಣೊರೆಸಿಕೊಳ್ಳುತ್ತಾ. "ನಮ್ಮತ್ತೆ ಈಗ ಏನ್ ಹೇಳ್ತಾರೆ ಗೊತ್ತಾ ಬಂದೋರಿಗೆ? 'ನಮ್ಮ ಸೊಸೆ ತವರಿಂದ ತಂದ ಟ್ರಂಕು, ಆ ಕಾಲದ ಮಾಲು, ಈಗೆಲ್ಲಿ ಸಿಗ್ತದೆ' ಅಂತಾರೆ."

"ಸ್ಟೇಷನ್ ಕತೆ?"

"ಅದು ನೆನಪೇ ಇಲ್ಲ ಅವ್ರಿಗೆ."

ನನಗೆ ನಗು ಬರಲಿಲ್ಲ. ಹಿಚುಕಿದ ಕಾಯಿಯನ್ನು ಮೊರದ ಅಂಚಿಗೆ ಸರಿಸಿ ಇನ್ನೊಂದನ್ನು ತೆಗೆದುಕೊಂಡೆ. ಆಚೆಯಿಂದ ಯಜಮಾನರು, "ಲೇ, ವಾಷರ್ ಎಲ್ಲಿಟ್ಟಿದೀಯ?" ಅಂತ ಕೂಗಿದರು. ಹುಡುಕಲಿ ಅಂತ ಬಿಟ್ಟೆ.